ಐದು ಮೀಟರಿನ ಟೇಪು

ಖೋರ್ ಖುವೈರಿನ ಕೋರೆಯಲ್ಲಿ ಹದಿನೇಳು ವರ್ಷದಿಂದ
ಲೋಡರ್ ಓಡಿಸುವವನು ನಾನು.
ಬೆಟ್ಟ ಅಂದರೆ ನನಗೆ ಟನ್ನಿನ ಲೆಕ್ಕ:
ಬಕೆಟ್ಟಿಗೆ ಎಂಟು, ಲಾರಿಗೆ ಐದು ಬಕೆಟ್ಟು,
ಮಿಕ್ಕಿದ್ದು ಧೂಳು.

ನಫೀಸಾಳ ಶಾಲೆಯಿಂದ ಫೋನು.
"ಐದನೇ ಕ್ಲಾಸಿಗೆ ಬಂದು ಕಲ್ಲಿನ ಬಗ್ಗೆ ಮಾತಾಡ್ತೀರಾ?"
ಎವ್ಲಿನ್ ಟೀಚರಿಗೆ ಹೇಳಿದೆ:
ನಾನು ಒಡೆಯುವವನು, ಓದಿದವನಲ್ಲ.
"ಅದಕ್ಕೇ ಕರೆದದ್ದು" ಅಂದರು.

ಇಸ್ತ್ರಿ ಮಾಡಿದ ಅಂಗಿ. ಕಿಸೆಯಲ್ಲಿ
ಫೋರ್‌ಮನ್ ಗುಲ್ ಜಮಾನ್ ಕೊಟ್ಟ ಅಳತೆಯ ಟೇಪು.
ಕೈಯಲ್ಲಿ ಬೂದುಗಲ್ಲು,
ಒಡೆದ ಮುಖದಲ್ಲಿ ಚಿಪ್ಪಿನ ಬಿಳಿ ಗೆರೆ.

ಇಪ್ಪತ್ತಾರು ಜೋಡಿ ಕಣ್ಣು. ಎಸಿಯ ಸದ್ದು.
ಬಾಯಿಂದ ಹೊರಟ ಮೊದಲ ಮಾತು
ಕಲ್ಲಿನದ್ದಲ್ಲ, ಉಮ್ಮಮ್ಮನದ್ದು:
ಉಳ್ಳಾಲದ ಹೊಳೆಬದಿಯಲ್ಲಿ ಮರುವಾಯಿ ತಿಂದು
ಚಿಪ್ಪು ಗುಡ್ಡೆಹಾಕಿ ಸುಟ್ಟು
ನೀರು ಚಿಮುಕಿಸಿದರೆ
ಬುಸುಗುಟ್ಟಿ ಸುಣ್ಣವಾಗುತ್ತಿತ್ತು,
ಅವಳ ವೀಳ್ಯದೆಲೆಗೂ, ನಮ್ಮ ಗೋಡೆಗೂ.

"ನಮ್ಮ ಬೆಟ್ಟವೂ ಸುಣ್ಣದ್ದೇ.
ಇಷ್ಟೊಂದು ಮರುವಾಯಿ ತಿಂದವರು ಯಾರು?"
ನಕ್ಕರು. ನಗು ನಿಂತ ಮೇಲೆ ಯೋಚಿಸಿದರು.

ಯಾರೂ ತಿನ್ನಲಿಲ್ಲ ಮಕ್ಕಳೇ.
ಬದುಕಿದವು, ಸತ್ತವು,
ಬೆಚ್ಚಗಿನ ಕಡಲಿನ ತಳಕ್ಕಿಳಿದು
ಒಂದರ ಮೇಲೊಂದು ಕೂತವು, ಖುಬ್ಬೂಸಿನ ಅಟ್ಟಿಯ ಹಾಗೆ.
ಆಮೇಲೊಂದು ದಿನ, ದಿನವಲ್ಲ, ಬಹಳ ನಿಧಾನಕ್ಕೆ,
ನೆಲ ನೆಲವನ್ನು ನೂಕಿತು.
ತಳವೇ ತಲೆಯೆತ್ತಿತು.

"ಯಾವಾಗ?" ಹಲ್ಲು ಬಿದ್ದ ಮೋಕ್ಷಿತ್.

ಟೇಪನ್ನು ಬಾಗಿಲಿಂದ ಬೋರ್ಡಿನ ಕಡೆಗೆ ಎಳೆದೆವು.
ಒಂದು ಮಿಲಿಮೀಟರು ಅಂದರೆ ಹತ್ತು ಲಕ್ಷ ವರ್ಷ,
ಲೆಕ್ಕ ಟೀಚರದ್ದು.
ಬಾಗಿಲ ಹತ್ತಿರ ಭೂಮಿ ಹುಟ್ಟಿತು, ಕುದಿಯುತ್ತ.
ನಾಲ್ಕೂವರೆ ಮೀಟರಿನಾಚೆ ಈ ಹೊತ್ತು.
ನಡುವೆ ಬೆಂಚು ಬೆಂಚು ದಾಟಿದರೂ
ಕಣ್ಣಿಗೆ ಕಾಣದ ಜೀವ ಬಿಟ್ಟರೆ
ಮೀನಿಲ್ಲ, ಎಲೆಯಿಲ್ಲ.
ಮಕ್ಕಳು ಆಕಳಿಸಿದರು.

ಈ ತುದಿಯಿಂದ ಹಿಂದಕ್ಕೆ ನಾಲ್ಕು ಬೆರಳು:
ಡೈನೋಸಾರುಗಳು ಮುಗಿದದ್ದು ಅಲ್ಲಿ.
ಆಕಳಿಕೆ ಹೋಯಿತು.
ನನ್ನ ಕೈಯ ಕಲ್ಲು? ನಫೀಸಾ ಅಂಗೈ ಅಗಲಿಸಿದಳು,
ಅವಳದೊಂದು ಗೇಣು.
ನಾವು ಮನುಷ್ಯರು?
ಮೋಕ್ಷಿತ್ ಪೆನ್ಸಿಲಿನಿಂದ ಗೆರೆ ಎಳೆದ.
"ದಪ್ಪವಾಯಿತು" ಅಂದರು ಟೀಚರ್.
ಚೂಪು ಮಾಡಿ ಬಂದು ಮತ್ತೆ ಎಳೆದ.

ಮರುದಿನ ಮೊದಲ ಬಕೆಟ್ಟು ಎತ್ತುವಾಗ
ಕೈ ಸ್ವಲ್ಪ ತಡವಾಯಿತು.
ಹಿಂದಿನ ಲಾರಿಯವನು ಹಾರನ್ ಹೊಡೆದ.
ಈ ಕಲ್ಲು ಹಡಗೇರಿ ಪಣಂಬೂರಿಗೆ ಹೋಗುವುದಂತೆ,
ನನಗಿಂತ ಮೊದಲು ಊರು ಮುಟ್ಟುತ್ತದೆ,
ರಜೆ ಕೇಳದೆ.

ಟೇಪು ಎಲ್ಲಿ ಎಂದು ಗುಲ್ ಜಮಾನ್ ಕೇಳುತ್ತಲೇ ಇದ್ದಾನೆ.
ಮನೆಯಲ್ಲಿ ಅದು ನಫೀಸಾಳ ಸೊಂಟದಲ್ಲಿದೆ.
ಫ್ಲಾಟಿನ ಬಾಗಿಲು ಇನ್ನೂರು ಕೋಟಿ ವರ್ಷ,
ಫ್ರಿಜ್ಜು ನೂರೈವತ್ತು.
"ನೆಟ್ಟಗೆ ನಿಲ್ಲಿ ಉಪ್ಪಾ" ಅನ್ನುತ್ತಾಳೆ,
ಕಾಲುಬೆರಳಿನ ಬಳಿ ಟೇಪಿನ ಕೊಕ್ಕೆ ಸಿಕ್ಕಿಸುತ್ತ.