ಹತ್ತು ಗಂಟೆಯ ದೋಣಿ

ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದೆ
ಈ ತಿರುವಿನಲ್ಲಿ. ಒಮ್ಮೆಯೂ ನಿಲ್ಲಿಸಲಿಲ್ಲ.
ಎಡಗಡೆ ಕಡಲು, ಕನ್ನಡಿಯಲ್ಲಿ ನಲವತ್ತು ಮಕ್ಕಳು,
ಗಡಿಯಾರದಲ್ಲಿ ಏಳು ಐವತ್ತು.
ಕಂಡದ್ದೆಲ್ಲ ಕಣ್ಣಂಚಿನಲ್ಲೇ ಕಂಡದ್ದು:
ಫಂಡಿ ಕೊಲ್ಲಿಯ ಮೇಲೆ ಬೆಳಕು ಸೀಳಿ ಬಿದ್ದದ್ದು,
ಹಿಂದಿನ ಸೀಟಿನಲ್ಲಿ ಯಾರೋ ವಾಂತಿ ಮಾಡಿಕೊಂಡದ್ದು,
ಎರಡೂ ಒಟ್ಟಿಗೆ.

ಈಗ ನಿಲ್ಲುತ್ತೇನೆ.
ಮಡಚುವ ಈಸೆಲ್, ಮೂರು ಕಾಲಿಗೆ ಮೂರು ಕಲ್ಲು,
ಥರ್ಮಾಸಿನಲ್ಲಿ ಚಹಾ, ಬೆರಳ ತುದಿ ಕತ್ತರಿಸಿದ ಕೈಗವಸು.
ಮೊದಲ ದಿನ ಗಾಳಿ ಕ್ಯಾನ್ವಾಸನ್ನು ಪಟದಂತೆ ಎತ್ತಿ
ಲಾಬ್‌ಸ್ಟರ್ ಬೋನುಗಳ ರಾಶಿಯ ಮೇಲೆ ಕವುಚಿ ಹಾಕಿತು.
ಇಂದಿಗೂ ಆನ್ಸೆಲ್ಮನ ಒಂದು ಬೋನು
ನನ್ನ ಆ ದಿನದ ಮುಗಿಲನ್ನು ಹೊತ್ತು
ನೀರಿಗಿಳಿಯುತ್ತದೆ.

"ಕಣ್ಣು ಅರೆಮುಚ್ಚಿ ನೋಡು," ಎಂದಿದ್ದಳು ಕಲಿಸಿದಾಕೆ,
"ವಿವರ ಕರಗುತ್ತದೆ, ಬೆಳಕು ಉಳಿಯುತ್ತದೆ."
ಕಣ್ಣು ಅರೆಮುಚ್ಚದಿರುವುದಕ್ಕೇ
ಇಪ್ಪತ್ತಾರು ವರ್ಷ ಸಂಬಳ ಪಡೆದವಳಿಗೆ!

ಜೂನಿನ ಕಪ್ಪು ನೊಣ.
ಓಡಿಸಿದರೆ ಗೆರೆ ಓಡುತ್ತದೆ,
ಬಿಟ್ಟರೆ ಕಿವಿಯ ಹಿಂದೆ ರಕ್ತ.

ಆದರೂ ನಿಜವಾದ ಜಗಳ ನೀರಿನ ಜೊತೆ.
ಇಲ್ಲಿಯ ಕಡಲು ಕೂತಲ್ಲಿ ಕೂರುವ ಕೂಸಲ್ಲ.
ಆರು ತಾಸು ಏಳು ಆಳೆತ್ತರ ಇಳಿಯುತ್ತದೆ,
ಮತ್ತಾರು ತಾಸು ಅಷ್ಟೇ ಏರುತ್ತದೆ.
ಹತ್ತು ಗಂಟೆಗೆ ನನ್ನ ಕಣ್ಣೆತ್ತರಕ್ಕಿದ್ದ ಕೆಂಪು ದೋಣಿ
ಹತ್ತೂವರೆಗೆ ಎದೆಮಟ್ಟ,
ಹನ್ನೊಂದಕ್ಕೆ ಪಾದಕ್ಕಿಂತ ಕೆಳಗೆ.
"ಸ್ವಲ್ಪ ತಾಳೇ," ಎಂದೆ,
ಜಡೆ ಹಾಕಿಸಿಕೊಳ್ಳಲು ಕೂತ ಹುಡುಗಿಗೆ ಹೇಳುವ ಹಾಗೆ.
ಒಂದು ಗಂಟೆಗೆ ಅದು ಕೆಸರಿನಲ್ಲಿ
ಒಂದು ಮಗ್ಗುಲಾಗಿ ಒರಗಿ ನಿದ್ದೆ.

ಆ ಕೆಸರು!
ಕೆಮ್ಮಣ್ಣೆಂದರೆ ಕೆಂಪಲ್ಲ, ಕಾವಿಯೆಂದರೆ ಕಾವಿಯಲ್ಲ,
ಮುಗಿಲು ಸರಿದರೆ ನೇರಳೆ, ಕಡಲಹಕ್ಕಿ ನಡೆದರೆ ಬೆಳ್ಳಿ.
ಅಂಗಡಿಯ ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ.
ನೀಲಿಗೆ ಕಂದು, ಕಂದಿಗೆ ಉಗುರಿನಷ್ಟು ಹಸಿರು,
ಕೆಡಿಸಿದೆ, ಕೆರೆದೆ, ಮತ್ತೆ ಕೆಡಿಸಿದೆ,
ಹಲಗೆಯ ಮೇಲೆ ಕೊನೆಗೆ ಬರೀ ಬೇಸರದ ಬಣ್ಣ.
ಸಾಕೆಂದು ಚಾಕುವಿನಿಂದ ಎಲ್ಲ ಹೆರೆದು ಒರೆಸಿದಾಗ
ಬಟ್ಟೆಯ ಎಳೆಗಳೊಳಗೆ ಒಂದು ಕಲೆ ಉಳಿಯಿತಲ್ಲ,
ಅದೇ. ಅದೇ ಕೆಸರು.
ನಾನು ಹಚ್ಚಿದ್ದಲ್ಲ, ಒರೆಸಲಾಗದೆ ಬಿಟ್ಟದ್ದು.
ಕಿವಿಯೆಲ್ಲ ಬಿಸಿಯಾಯಿತು.
ಹೇಳಿಕೊಳ್ಳಲು ಸುತ್ತ ಯಾರೂ ಇಲ್ಲ.
ಬಣ್ಣದ ಕೈಯಲ್ಲೇ ಬ್ರೆಡ್ಡು ಮುರಿದು ತಿಂದೆ,
ಅರ್ಧ ಹಕ್ಕಿಗೆ ಎಸೆದೆ.

ಆಮೇಲೆ ಆನ್ಸೆಲ್ಮ್ ಬಂದ, ಹೆಗಲಲ್ಲಿ ಹಗ್ಗ, ಬಾಯಲ್ಲಿ ಸೇಬು.
(ಅವನ ಮಕ್ಕಳಿಬ್ಬರೂ ನನ್ನ ಬಸ್ಸಿನವೇ.)
ಬಹಳ ಹೊತ್ತು ನೋಡಿದ. ಚಂದ ಎನ್ನಲಿಲ್ಲ.
"ದೋಣಿ ಹತ್ತು ಗಂಟೆಯದು, ಎಡ್ವಿಜ್.
ಕಂಬದ ಮೇಲಿನ ಒದ್ದೆ ಗೆರೆ ಹನ್ನೊಂದೂವರೆಯದು.
ಕೆಸರು, ನೆರಳು, ಮಧ್ಯಾಹ್ನದ್ದು.
ಯಾವ ದಿನ ಇದು?"
"ಇವತ್ತೇ," ಎಂದೆ.
ಸೇಬು ಅಗಿದ.
"ಹಗ್ಗ ಮರೆತಿದ್ದೀ. ಇದು ಇಷ್ಟು ಹೊತ್ತಿಗೆ
ಅಮೆರಿಕದ ದಂಡೆ ಮುಟ್ಟಿರುತ್ತಿತ್ತು."

ಬರೆದೆ ಹಗ್ಗವನ್ನು. ಎಷ್ಟು ಸಡಿಲ ಬಿಡಬೇಕೆಂದು
ಗಾಳಿಯಲ್ಲಿ ಬೆರಳಾಡಿಸಿ ಅವನೇ ತೋರಿಸಿದ:
ಇಳಿಯುವ ನೀರಿಗೆ ಹೆಚ್ಚೇ ಬಿಡಬೇಕು,
ಬಿಗಿದು ಕಟ್ಟಿದವರ ದೋಣಿ
ಕಟ್ಟೆಗೆ ನೇತುಬೀಳುತ್ತದೆ.
ಅವನ ಬೆರಳು ಬಳುಕಿದ ಹಾಗೆಯೇ ಕುಂಚ ಬಳುಕಿತು,
ಅದೊಂದೇ ಗೆರೆ ಇಡೀ ದಿನದಲ್ಲಿ
ನಾನು ಎರಡನೇ ಸಲ ಮುಟ್ಟದ್ದು.

ಸಂಜೆ ಅಡುಗೆಮನೆಯ ದೀಪದಲ್ಲಿ ಎಲ್ಲವೂ ಮಂಕು.
ಹೊರಗೆ ಉರಿಯುತ್ತಿದ್ದ ನೀಲಿ ಇಲ್ಲಿ ಬೂದಿ.
ಮುಗಿಲಲ್ಲಿ ಒಂದು ನೊಣ ಅಂಟಿಕೊಂಡಿದೆ,
ಚಿಮಟ ತಂದೆ, ಬಗ್ಗಿದೆ, ಬಿಟ್ಟೆ.
ದೂರದಿಂದ ಹಕ್ಕಿಯ ಹಾಗೇ ಇದೆ.
ಹತ್ತಿರದಿಂದ, ಪಾಪ, ಅದೂ ನನ್ನ ಜೊತೆ
ಬೆಳಗಿನಿಂದ ಅಲ್ಲೇ ಇದ್ದದ್ದು.

ನಾಳೆ ಉಬ್ಬರ ಐವತ್ತು ನಿಮಿಷ ತಡವಂತೆ.
ಬಸ್ಸು ಓಡಿಸಿದ ಕಾಲದಲ್ಲಿ ಅಷ್ಟು ತಡ
ನಾನು ಒಂದು ದಿನವೂ ಮಾಡಿದವಳಲ್ಲ.