ಅಕ್ಷರಕ್ಕ ಎರಡು ರೂಪಾಯಿ

ಜತ್ತದ ಪ್ಯಾಟ್ಯಾಗ, ಶಹಾರ ಭಾಂಡಿ ಅಂಗಡಿ ಕಟ್ಟಿ ಮ್ಯಾಲ
ನನ್ನ ಮಷೀನು: ಒಂದು ವಾಯರು, ಒಂದು ಸೂಜಿ,
ದಿನಾ ಜೀರುಂಡಿಯಂಗ ಗುಂಯ್ ಅಂತೈತಿ.
ಅಕ್ಷರಕ್ಕ ಎರಡು ರೂಪಾಯಿ. ಒತ್ತಿಗೆ ರೊಕ್ಕಿಲ್ಲ.

ಮೊದಲು ಕೇಳೂದು: ಹೆಸರು?
ಆಮ್ಯಾಲ: ಮರಾಠ್ಯಾಗೋ, ಕನ್ನಡದಾಗೋ?
ಹೆಂಗಸರು ತಮ್ಮ ಹೆಸರು ಹೇಳೂದು ನೋಡಬೇಕು ನೀವು,
ಮಂದಿ ಮನಿ ಬಾಗಿಲಾ ಬಡದಂಗ
ಒಂದು ಸಲ ಮೆತ್ತಗ,
ಯಾರೂ ತೆಗೀದಿದ್ದರ ಇನ್ನೊಂದು ಸಲ.

ರುಕ್ಮಿಣಿ ಅಂದ್ರ ಬಂಗಾರದಾಕಿ.
ಜರೀನಾ ಅಂದ್ರೂ ಬಂಗಾರದಾಕೀನಽ,
ಮಸೂತಿ ಓಣಿ ಮಾಸ್ತರಬಾಯಿ ಹೇಳಿದ್ದು.
ಇಬ್ಬರೂ ಒಂದಽ ದಿನ ಬಂದ್ರು,
ಇಬ್ಬರೂ ಒಯ್ದದ್ದು ಸ್ಟೀಲು.
ಶಿರೀನ್ ಅಂದ್ರ ಸಿಹಿ; ಆಕಿ ತಂದದ್ದು ಉಪ್ಪಿನಕಾಯಿ ಡಬ್ಬಿ.
ಫಾತಿಮಾ ಅಂದ್ರ ಕೂಸಿಗೆ ಮೊಲಿ ಬಿಡಿಸಿದಾಕಿ.
ಬೇವಿನ ರಸ ಹಚ್ಚಿಕೊಂಡ ದಿನಾ ನೆನಪಾಗಿ
ನನ್ನ ಸೂಜಿ ಆ 'ಫಾ'ದ ಮ್ಯಾಲ ಒಂದೀಟು ನಿಂತಿತ್ತು.
ಕಾಶೀಬಾಯಿ ಸೊಲ್ಲಾಪುರ ದಾಟಿದಾಕಿ ಅಲ್ಲ.
ದಾಕ್ಷಾಯಣಿ ನಮ್ಮ ಕಡೆ ದ್ರಾಕ್ಷಾಯಣಿ ಆಗ್ತಾಳ;
ದಕ್ಷನ ಮಗಳು ಆಗಿ ಏನು ಸಿಗೂದೈತಿ,
ಸುತ್ತೆಲ್ಲಾ ದ್ರಾಕ್ಷಿ ಚಪ್ಪರ ಇದ್ದಾಗ?
ನಾ ತಿದ್ದಾಕ ಹೋಗಲಿಲ್ಲ.
ಒಂದು ರಕಾರದ ಒತ್ತಿನಾಗ
ಒಂದು ತೋಟಾನಽ ಬಿಟ್ಟಿ ಸಿಕ್ಕಿತು ಆಕಿಗೆ.

ಗಂಡನ ಮನ್ಯಾಗ ಹೊಸಾ ಹೆಸರು ಇಡ್ತಾರ,
ತಾಟಿನಾಗ ಅಕ್ಕಿ ಹರವಿ, ಉಂಗುರದಿಂದ ಗೀರಿ.
ಸಂಜಿಗೆ ಅದಽ ಅಕ್ಕಿ ಅನ್ನ ಆಗಿ
ಹೆಸರು ಎಲ್ಲಾರ ಹೊಟ್ಯಾಗ.
ತವರಿನ ಕೊಡದ ಮ್ಯಾಲಿಂದು ಹಂಗಲ್ಲ,
ಬೂದಿ ಹಚ್ಚಿ ತಿಕ್ಕಿದಷ್ಟೂ ಮಿಂಚತೈತಿ.
ಅಳಿಸಿ ಕೊಡ್ರಿ ಅಂತ ಕೆಲವರು ತರ್ತಾರ.
ಆಗೂದಿಲ್ಲ ತಂಗಿ ಅಂತೀನಿ.
ಆಗತೈತಿ. ನಾ ಮಾಡೂದಿಲ್ಲ.

ಹೋದ ವರ್ಷ ಸಂಖದಿಂದ ಒಬ್ಬಾಕಿ ಬಂದ್ಲು.
ಮಗಳ ಮದುವಿ. ಐದು ಭಾಂಡಿ, ಒಂದು ಹಿತ್ತಾಳಿ ಬಿಂದಿಗಿ.
ಕೊಡುವವರು ಯಾರು, ಬರೀಲಿ?
ಗಂಡನ ಹೆಸರು ಒಡಪು ಹಾಕಿ ಹೇಳಿದ್ಲು, ಸೆರಗು ಬಾಯಿಗೆ ಹಿಡಿದು.
ತನ್ನದು ಹೇಳಾಕ ಒಡಪು ಸಿಗಲಿಲ್ಲ.
"ನಕುಶಾ" ಅಂದ್ಲು ಕಡೀಕ.

ಬ್ಯಾಡಾದಾಕಿ.
ಮೂರು ಹೆಣ್ಣಿನ ಮ್ಯಾಲ ನಾಕನೇದು.
ಹಿಂಗ ಕರದ್ರ ಮುಂದಿಂದು ಗಂಡು ಹುಟ್ಟತೈತಿ ಅಂತ
ಯಾರೋ ಹೇಳಿದ್ರಂತ.
"ಹುಟ್ಟಿತೇನು?"
"ಐದನೇದೂ ಹೆಣ್ಣು. ಆಕಿಗೆ ಚಲೋ ಹೆಸರಿಟ್ರು, ಬ್ಯಾಸತ್ತು."

ನಾ ಮಷೀನು ಬಂದ್ ಮಾಡಿ ನನ್ನ ಹೆಸರು ಹೇಳಿದೆ. ಸಾಕವ್ವ.
ಸಾಕು ಅಂದ್ರ ಸಾಕು, ಇನ್ನ ಮುಗೀತು, ತಿಳೀತಲ್ಲ?
ಆದರ ಕನ್ನಡದಾಗ ಕರಾ ಸಾಕ್ತಾರ, ಕೋಳಿ ಸಾಕ್ತಾರ,
ಯಾರದೋ ಕೂಸು ತಂದೂ ಸಾಕ್ತಾರ.
ಅದೂ ಇದಽ ಮಾತು.
ಅಪ್ಪ ಯಾವ ಸಾಕು ಇಟ್ಟಿದ್ದನೋ ಕೇಳಬೇಕಂತಿದ್ದೆ.
ಸಾಯೂತನಕಾ ಆಂವ ಕರದದ್ದು "ಏ ಹುಡುಗಿ" ಅಂತ.
ನಿನ್ನ ಹೆಸರಿಗೆ ಮರಾಠ್ಯಾಗ ಹಿತ್ತಲ ಬಾಗಿಲಾ ಇಲ್ಲ ನೋಡವ್ವ.

ಆಕಿ ಬಿಂದಿಗಿ ತಿರುವಿ ತಿರುವಿ ನೋಡಿದ್ಲು.
"ಕನ್ನಡದಾಗ ಕೊರಿ.
ಮಿರಜದ ಬೀಗರಿಗೆ ಓದಾಕ ಬರೂದಿಲ್ಲ.
ನನ್ನ ಮಗಳಿಗೆ ಬರತೈತಿ,
ಏಳನೇತ್ತಾತನಕ ಊರ ಕನ್ನಡ ಸಾಲಿ.
ಕಂಠದ ಕೆಳಗ, ಕೈ ಹಿಡಿಯೂ ಜಾಗಾದಾಗ ಕೊರಿ."

ಕೊರದೆ. ಮೂರು ಅಕ್ಷರ.
'ಶಾ'ದ ಬಾಲ ಸ್ವಲ್ಪ ಉದ್ದಾತು, ಬಳ್ಳಿಯಂಗ.
ಆರು ರೂಪಾಯಿ ಮುಂದ ಹಿಡಿದ್ಲು. "ಬ್ಯಾಡ" ಅಂದೆ.
ಅಂದಮ್ಯಾಲ ನಾಲಿಗಿ ಕಡಕೊಂಡೆ.

ಆಕಿ ನಕ್ಕಳು.
ಎರಡರ ನಾಣ್ಯ ಮೂರು, ಒಂದರ ಬಾಜೂಕ ಒಂದು,
ಹಲಗಿ ಮ್ಯಾಲ ಇಟ್ಟು ಹೋದ್ಲು.
ಮುಂದಿನಾಕಿ ಕೊಡಕ್ಕ ಸೂಜಿ ಹಚ್ಚಿದಾಗ
ಮೂರೂ ಕೂಡಿ ನಡುಗಿದ್ವು.