ಒತ್ತು ಸಾಲದ ರಾತ್ರಿ

ನಾನು ಅಕ್ಷರ ಕಲಿತದ್ದು ಕನ್ನಡಿಯೊಳಗಿಂದ.
ಮೈಸೂರಿನ ಸಂತೇಪೇಟೆಯಲ್ಲಿ, ಬೆಲ್ಲದ ಮಂಡಿಯ ಹಿಂದೆ,
ಅಯ್ಯ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸು.
ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು
ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ಹಾಕುವುದು ನನ್ನ ಕೆಲಸ.
ಶಾಲೆಗೆ ಹೋದವರು ಎಡದಿಂದ ಓದಿದ್ದನ್ನು
ನಾನು ಬಲದಿಂದ, ಬೆರಳಲ್ಲಿ.

ಆ ಭಾದ್ರಪದ.
ದೆಹಲಿಗೆ ಬಂದಿತ್ತಂತೆ, ಬಂದು ತಿಂಗಳಾಗಿತ್ತಂತೆ;
ದೊಡ್ಡ ಗಡಿಯಾರದ ಕೆಳಗೆ ಲಾಠಿ ಮಾತ್ರ
ಕಾಲು ಬದಲಿಸದೆ ನಿಂತಿತ್ತು.

ರಾತ್ರಿ ಹತ್ತರ ಮೇಲೆ ಪಾಲಹಳ್ಳಿಯ ಜವರಪ್ಪ
ಸೈಕಲ್ಲನ್ನು ಒಳಗೇ ತಂದು, ಅಂಗಿಯೊಳಗಿಂದ
ಬೆವರಿಗೆ ಮೆತ್ತಗಾದ ನಾಲ್ಕು ಹಾಳೆ ತೆಗೆದ.
"ಕೋಳಿ ಕೂಗೋ ಹೊತ್ತಿಗೆ ಸಾವಿರ ಬೇಕಯ್ಯ."

ಹಾಳೆಯ ತುಂಬ ಕಾರಣ.
ಸಭೆಯಲ್ಲಿ ಮಾತಾಡಬಹುದು, ತೀರ್ಮಾನ ಅವರದು.
ನೀರಿನ ಕಂದಾಯ ನಮ್ಮದು, ತೂಬಿನ ಕೀಲಿ ಅವರದು.
ಚಿನ್ನ ಹಡಗು ಹತ್ತಿದ್ದು ಯಾವ ಲೆಕ್ಕದಲ್ಲಿ?
ಪ್ರಶ್ನೆ ಕೇಳಿದವನ ಹೆಸರು ಠಾಣೆಯ ಪುಸ್ತಕದಲ್ಲಿ ಯಾಕೆ?
ಹೀಗೇ, ಹೀಗೇ, ಹಾಳೆಯಂಚಿಗೂ ಹತ್ತಿ ಕೂತ ಸಾಲುಗಳು.

"ನಿಮ್ಮದೇ ಅಂದಮೇಲೆ ಇಷ್ಟೊಂದು ಕಾರಣ ಯಾಕಪ್ಪ?"
ಅಯ್ಯ ಕೇಳಿದ, ಕನ್ನಡಕದ ಮೇಲಿಂದ.
"ಪಾಲಾಗುವಾಗ ಪಂಚರ ಮುಂದೆ ಹೇಳ್ತೀವಲ್ಲಯ್ಯ.
ಸುಮ್ಮಸುಮ್ಮನೆ ಯಾರು ಒಲೆ ಬೇರೆ ಮಾಡ್ತಾರೆ?
ನೋಡೋರಿಗೂ ಗೊತ್ತಾಗಬೇಕು,
ಎಷ್ಟು ದಿನ ತಾಳಿದೆವು ಅಂತ."

ನಡುರಾತ್ರಿಗೆ ಒತ್ತು ಕಡಿಮೆ ಬಿತ್ತು.
ಕಕಾರದ ಒತ್ತು.
ಲೆಕ್ಕಕ್ಕೆ ಎರಡು, ಮಕ್ಕಳಿಗೆ ಒಂದು,
ಆಮೇಲೆ ಹಕ್ಕು, ಹಕ್ಕು, ಹಕ್ಕು.
ಗೂಡು ತಳ ಕಂಡಿತು.

ಮೂಲೆಯಲ್ಲಿ ದಾರ ಕಟ್ಟಿಟ್ಟ ಇನ್ನೊಂದು ಪುಟವಿತ್ತು:
ದಸರೆಗೆಂದು ಪ್ರತಿವರ್ಷ ಬರುವ ಬಿನ್ನವತ್ತಳೆ.
ಸನ್ನಿಧಾನಕ್ಕೆ. ಪಾದಕ್ಕೆ. ಚಿತ್ತಕ್ಕೆ.
ಸಾಲಿಗೊಂದು 'ಕ್ಕೆ', ಸಾಲಿಗೊಂದು ಸಲ ಬಗ್ಗಿದ ಬೆನ್ನು.
ಅಯ್ಯ ಬಹಳ ಹೊತ್ತು ಅದನ್ನೇ ನೋಡಿದ.
ಆ ಪುಟದಿಂದ ನಮಗೆ ಅಕ್ಕಿ ಬರುತ್ತಿತ್ತು.
ಆಮೇಲೆ ದಾರ ಬಿಚ್ಚಿದ.
ಒಂದೊಂದೇ ಪಾದಕ್ಕೆಯಿಂದ ಒತ್ತು ಕಿತ್ತು
ಹಕ್ಕಿನ ಕೆಳಗಿಟ್ಟ.

ಕೊನೆಯಲ್ಲಿ ಯಾರೋ ದೊಡ್ಡ ವಕೀಲರು ಸೇರಿಸಿದ ಸಾಲು:
'ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇವೆ.'
ಮೂವತ್ತು ವರ್ಷ ಒಂದು ಅಲ್ಪಪ್ರಾಣವನ್ನೂ ತಿದ್ದದವನು
ನನ್ನತ್ತ ತಿರುಗಿದ.
"ದೊಡ್ಡಾಸ್ಪತ್ರೆಯ ಜಗಲಿಯಲ್ಲಿ ಹುಟ್ಟಿದೆ ನೀನು, ಹಾಸಿಗೆ ಖಾಲಿ ಇರಲಿಲ್ಲ.
ಓಣಿಗೆಲ್ಲ ಕೇಳೋ ಹಾಗೆ ಅರಚಿದೆ.
ಯಾರ ಅಪ್ಪಣೆ ತಗೊಂಡಿದ್ದೆ?"
ನನಗೇನು ಗೊತ್ತು. ನಕ್ಕೆ.
ಅವನು ಆ ಸಾಲನ್ನು ಜೋಡಿಸಲೇ ಇಲ್ಲ.

ಅದರ ಜಾಗಕ್ಕೆ ಮೂರೇ ಪದ, ಅವನದೇ.
ಆದರೆ ಒತ್ತು ಮತ್ತೆ ಮುಗಿದಿತ್ತು, ಒಂದೇ ಒಂದು ಸಾಲದು.
ಗೂಡು ಜಾಲಾಡಿದ, ನೆಲ ಗುಡಿಸಿದ, ಕಂದೀಲು ಹಿಡಿದು ಹುಡುಕಿದ.
ಜವರಪ್ಪ ಬಾಗಿಲ ಸಂದಿಯಲ್ಲಿ ಬೆಳಕು ನೋಡುತ್ತಿದ್ದ.
ಇರಲಿ, ಅಂದ ಅಯ್ಯ. ಮೆಟ್ಟು ಯಂತ್ರ ತುಳಿದ.

'ಇದು ನಮ್ಮ ಹಕು.'

ಹಾಗೆಂದೇ ಅಚ್ಚಾಯಿತು, ಸಾವಿರ ಸಲ.
ಬೆಳಿಗ್ಗೆ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ
ವೀಳ್ಯದೆಲೆಯವಳೊಬ್ಬಳು ಓದಿಸಿಕೊಂಡು ಕೇಳಿದಳು.
ಓದಿದ ಹುಡುಗ ತಡವರಿಸಲಿಲ್ಲ.
ಇಲ್ಲದ ಒತ್ತನ್ನು ಒತ್ತಿಯೇ ಓದಿದ.

ಮಧ್ಯಾಹ್ನ ಅವರು ಬಂದರು. ಗೂಡುಗಳನ್ನೆಲ್ಲ
ಓಣಿಗೆ ಸುರಿದರು, ಅಯ್ಯನನ್ನು ಕರೆದೊಯ್ದರು.
ಹನ್ನೊಂದು ದಿನ ನಾನು ಮಣ್ಣಿನಿಂದ ಅಕ್ಷರ ಆರಿಸಿದೆ,
ಅ ಆ ಬೇರೆ, ಕೊಂಬು ಬೇರೆ, ದೀರ್ಘ ಬೇರೆ.

ಅವನು ವಾಪಸು ಬಂದ, ಎಡಗೈ ಸರಿಯಾಗಿ ಮಡಚುತ್ತಿರಲಿಲ್ಲ.
ಆ ಒಂದು ಒತ್ತಿನ ಮಾತು ನಾನು ಅವನಿಗೆ ಹೇಳಲಿಲ್ಲ.
ಆಷಾಢದಲ್ಲೇ ತೆಗೆದಿದ್ದೆ, ಮೂಗುತಿಯಷ್ಟಿತ್ತು, ಚೆಂದವಿತ್ತು;
ಲಂಗದ ಅಂಚಿನೊಳಗೆ ಹೊಲಿದುಕೊಂಡಿದ್ದೆ.
ಆ ರಾತ್ರಿಯೆಲ್ಲ ಅದು ನನ್ನ ಮೊಣಕಾಲಿಗೆ ತಾಗುತ್ತಲೇ ಇತ್ತು.